ಮಡಿಕೆಯ ಮೇಲಿನ ಊರು

ಪುಣೆಯ ಈ ಕೋಣೆಯಲ್ಲಿ ಫ್ಯಾನು ಹಾಕುವಂತಿಲ್ಲ.
ಹಾಕಿದರೆ ಬೆಟ್ಟಗಳು ಹಾರುತ್ತವೆ.

ಮೇ ತಿಂಗಳು. ಹೊರಗೆ ಗುಲ್‌ಮೊಹರ್ ಉರಿದುರಿದು
ರಿಕ್ಷಾಗಳ ತಲೆಯ ಮೇಲೆ ಉದುರುತ್ತಿದೆ.
ಒಳಗೆ ನಾನು, ಮೈದಾ ಅಂಟಿನ ಬೋಗುಣಿ,
ಆಡಿನ ಕೂದಲ ಕುಂಚ, ಒದ್ದೆ ಮಲ್ ಬಟ್ಟೆ,
ಮೇಜಿನ ತುಂಬ ಅಂಗಾತ ಮಲಗಿದ ಒಂದು ಪ್ರಾಂತ:
ನೂರ ಹನ್ನೊಂದು ವರ್ಷ ಮಡಚಿಟ್ಟದ್ದು,
ಎಂಟು ಮಡಿಕೆ, ನಾಲ್ಕು ತೂತು, ಒಂದು ಚಹಾದ ಕಲೆ.

ಕಲೆಯನ್ನು ಮೊದಲ ದಿನ ಸರೋವರವೆಂದೇ ತಿಳಿದಿದ್ದೆ.
ಪ್ರಭುಣೆ ಬಾಯಿ ಕನ್ನಡಕ ಏರಿಸಿ ನಕ್ಕರು:
"ಅಹೋ ಹಂಜಗಿ, ಇಷ್ಟು ದುಂಡಗಿನ ದಂಡೆ
ಕಪ್‌ಬಶಿಗೆ ಬಿಟ್ಟರೆ ಯಾವ ಕೆರೆಗುಂಟು?"

ಈ ಪ್ರಾಂತಕ್ಕೆ ನಾನು ಹೋದವನಲ್ಲ.
ಹುಟ್ಟಿದ್ದು ಇಂಡಿಯ ಬಯಲಿನಲ್ಲಿ,
ಅಲ್ಲಿ ಎತ್ತರವೆಂದರೆ ಬಣವಿ, ಹುಣಸೆಮರ, ಗೌಡರ ವಾಡೆ.
ಆದರೂ ಬೆರಳಿಗೆ ಗೊತ್ತು:
ಹೆಚ್ಚಿದ ಉಳ್ಳಾಗಡ್ಡಿಯ ಹಾಗೆ ಗೆರೆಯೊಳಗೆ ಗೆರೆ ಕೂತಲ್ಲಿ ಏರು,
ಕತ್ತೆಯೂ ನಿಂತು ಉಸಿರು ಬಿಡುವ ಜಾಗ.
ಗೆರೆ ಸಡಿಲಾದಲ್ಲಿ ಜವೆಯ ಹೊಲ, ನಾಲ್ಕು ಮನೆ, ಹೊಗೆ.

ಚರಿತ್ರೆಯೂ ಇದೆ.
ಅಚ್ಚಾದ ಕಪ್ಪು ಗೆರೆಗೆ ಗಡಿ ಎಂದರೆ ಹೊಳೆಯ ಈಚೆ ದಂಡೆ.
ಅದರ ಮೇಲೊಬ್ಬ ಸಾಹೇಬನ ನೀಲಿ ಮಸಿ: ಇಲ್ಲ, ನಡುನೀರು.
ಆಮೇಲೆ ಯಾರೋ ಕೆಂಪು ಪೆನ್ಸಿಲು ಹಿಡಿದು, ಅವಸರದಲ್ಲಿ,
ಹೊಳೆಯನ್ನೇ ಬಿಟ್ಟು ಶಿಖರದಿಂದ ಶಿಖರಕ್ಕೆ ಜಿಗಿದಿದ್ದಾರೆ.
ಅಂಚಿನಲ್ಲಿ ಸಣ್ಣಕ್ಷರ: ಉಪ್ಪಿನ ದಾರಿ. ಹಿಮ ಬಿದ್ದಾಗ ಇಲ್ಲ.

ಆದರೆ ಹರಿದದ್ದು ಮೂರು ಗಡಿಗಳಲ್ಲೂ ಅಲ್ಲ,
ಮಡಿಕೆಯಲ್ಲಿ.
ಜೇಬಿಗೆ ಹಿಡಿಸಲೆಂದು ಯಾವನೋ ಮಡಚಿದ್ದು
ಸರಿಯಾಗಿ ಒಂದು ಊರಿನ ಹೆಸರಿನ ಮೇಲೆ.
ಮಡಚಿ, ಬಿಚ್ಚಿ, ಮಡಚಿ, ಊರು ಉದುರಿಹೋಗಿ
ಈಗಲ್ಲಿ ಹೆಬ್ಬೆಟ್ಟಿನಷ್ಟು ತೂತು,
ತೂತಿನ ಕೆಳಗೆ ನನ್ನ ಮೇಜಿನ ಸಾಗವಾನಿ.

ಸೋಮವಾರ ಖಡಕಿಯಿಂದ ಹವಲ್ದಾರ್ ಸ್ತೊಬ್ದನ್ ಬಂದ,
ಗಾಲಿಕುರ್ಚಿಯಲ್ಲಿ.
ಬಾಗಿಲಿಗೆ ಎರಡು ಮೆಟ್ಟಿಲು. ನಾನೂ ದಗಡೂನೂ
ಕುರ್ಚಿಸಮೇತ ಎತ್ತಿದೆವು.
"ನನಗೀಗ ಇಷ್ಟೇ ಘಾಟು," ಎಂದು ನಕ್ಕ.

ಪಾಸ್ ನೋಡಲಿಲ್ಲ, ಶಿಖರ ನೋಡಲಿಲ್ಲ,
ಗಡಿಯ ಕಡೆ ತಿರುಗಲೂ ಇಲ್ಲ, ಕಾಲು ಅಲ್ಲೇ ಬಿಟ್ಟಿದ್ದರೂ.
ಹೊಳೆಗುಂಟ ಬೆರಳು ನಡೆಸಿಕೊಂಡು ಬಂದು
ತೂತಿನೊಳಗೆ ಇಟ್ಟ.

ಅವನ ಹಿಂದಿ ಕುಂಟು, ನನ್ನದು ಅದಕ್ಕಿಂತ.
"ಇಲ್ಲಿ," ಎಂದ. "ಹದಿಮೂರು ಮನೆ. ಜರ್ದಾಳು ಮರ ಒಂಬತ್ತು.
ಬೀಜದ ಎಣ್ಣೆ ತೆಗೆಯೋ ಕಲ್ಲು ಒಂದೇ, ನನ್ನ ಸೋದರತ್ತೆಯದು,
ಎಲ್ಲರಿಗೂ ಬೈದು ಕೊಡುತ್ತಿದ್ದಳು."
ಆಮೇಲೆ ಊರಿನ ಹೆಸರು ಹೇಳಿದ,
ಎರಡು ಸಲ, ಗಂಟಲಿನ ಹಿಂದಿನಿಂದ.
ಮೂರನೆಯ ಸಲ ನಾನು ಹೇಳಿದೆ. ತಲೆಯಾಡಿಸಿದ, ಅಲ್ಲ.
ಆರನೆಯದಕ್ಕೆ ಪಾಸಾದೆ.

ಇಲಾಖೆಯ ನಿಯಮ ಗೋಡೆಯ ಮೇಲಿದೆ:
ದುರಸ್ತಿಯವನು ಕಾಗದ ತುಂಬಬಹುದು, ಗೆರೆ ತುಂಬಬಾರದು.
ಖಾಲಿ ಖಾಲಿಯಾಗೇ ಇರಲಿ.
ಒಪ್ಪುವ ಮಾತೇ. ಇಪ್ಪತ್ತಾರು ವರ್ಷ ಒಪ್ಪಿದ್ದೇನೆ.

ಅವನು ಹೋದ ಮೇಲೆ ತೂತಿನ ಅಳತೆಗೆ ಜಪಾನಿ ಕಾಗದ ಹರಿದೆ
(ಕತ್ತರಿ ತಾಗಿಸಬಾರದು; ಹರಿದರೇ ನಾರು ನಾರಿಗೆ ಹಿಡಿಯುವುದು).
ಅಂಟು ಸವರುವ ಮೊದಲು, ಹಿಂಬದಿಗೆ, ಪೆನ್ಸಿಲಿನಲ್ಲಿ,
ನಮ್ಮವ್ವ ಹಾಲಿನ ಲೆಕ್ಕ ಬರೆಯುತ್ತಿದ್ದ ಲಿಪಿಯಲ್ಲಿ
ಮೂರು ಅಕ್ಷರ, ಒಂದು ಒತ್ತು.
ಅಂಟಿಸಿ, ಮಲ್ ಬಟ್ಟೆ ಹೊದಿಸಿ, ಕಲ್ಲು ಹೇರಿ
ಮನೆಗೆ ಹೋದೆ. ನಿದ್ದೆ ಬರಲಿಲ್ಲ.

ಬುಧವಾರ ಪ್ರಭುಣೆ ಬಾಯಿ ಕಿಟಕಿಯ ಬೆಳಕಿಗೆ ಹಿಡಿದರು.
ಬಹಳ ಹೊತ್ತು ಹಿಡಿದರು.
ನೋಂದಣಿ ಪುಸ್ತಕದಲ್ಲಿ ಬರೆದರು:
ತೂತು ನಾಲ್ಕು, ಮುಚ್ಚಿದೆ. ಕಲೆ ಹಾಗೇ ಬಿಟ್ಟಿದೆ.
ಮತ್ತೆ, ನನ್ನ ಕಡೆ ತಿರುಗದೆ,
"ಇದನ್ನಿನ್ನು ಮಡಚಬೇಡಿ, ಹಂಜಗಿ.
ಸುರುಳಿ ಸುತ್ತಿ ಇಡಿ."